‘ಸುರತ್ರಾಣ’ ಶಬ್ದದ ವಿಚಾರ

ವಿಜಯನಗರದ ಅರಸರು ಧರಿಸಿದ ಬಿರುದುಗಳಲ್ಲಿ ‘ಹಿಂದೂರಾಯಸುರತ್ರಾಣ’ ಎಂಬುದೊಂದು. 14ನೆಯ ಶತಮಾನದ ನಡುವಿನಲ್ಲಿ ಸಂಗಮವಂಶದವರ ಶಾಸನಗಳಲ್ಲಿ ತಲೆದೋರಿದ ಈ ಬಿರುದು ತುಳುವವಂಶದವರ ತಾಮ್ರಶಾಸನಗಳ ವರೆಗೂ ಬಿಡದೆ ನಡೆದುಬಂದಿದೆ. ಇದಕ್ಕೆ ಪಾಠಶಾಲೆಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಹೇಳಿಬರುವ ಅರ್ಥವು ಸುಲಭವಾದುದು: ಸುರರೆಂದರೆ ದೇವತೆಗಳು, ತ್ರಾಣವೆಂದರೆ ರಕ್ಷಣೆ, ಆದುದರಿಂದ ಹಿಂದೂಗಳ ದೇವತೆಗಳನ್ನು ಕಾಪಾಡಿದ ರಾಯನೇ ಹಿಂದೂರಾಯಸುರತ್ರಾಣನು. ಕೇಳುವವರಿಗೆ ಇದು ಹಿತವಾಗಿರುವುದು. ವಿಜಯನಗರದ ಸ್ಥಾಪನೆಯ ವಿಷಯದಲ್ಲಿ ಅವರು ಮೊದಲೇ ಕೇಳಿರುವ ಕಥೆಗೆ ಚೆನ್ನಾಗಿ ಹೊಂದಿಕೊಳ್ಳುವುದು. ಆದರೆ ಹಿತವಾಗಿರುವುದೆಲ್ಲ ನಿಜವಾಗಿರಬೇಕೆಂಬ ನಿಯಮವಿಲ್ಲ. ಈ ಶಬ್ದವು ಸುರರಿಂದ ಹುಟ್ಟಿದುದೂ ಅಲ್ಲ, ತ್ರಾಣದಿಂದ ಹುಟ್ಟಿದುದೂ ಅಲ್ಲ. ಇದು ಅರಬ್ಬೀ ಭಾಷೆಯ ‘ಸುಲ್ತಾನ್’ ಎಂಬ ಬಿರುದು, ಸಂಸ್ಕೃತದ ಉಡುಪನ್ನು ತೊಟ್ಟು ಬಂದಿರುವುದು. ಶಾಸನಗಳ ಪರಿಚಯವುಳ್ಳ ವಿದ್ವಾಂಸರಿಗೆ ಈ ಸಂಗತಿ ಹೊಸದಲ್ಲ. ಆದರೂ ಹಳೆಯ ಅರ್ಥವು ತರಗತಿಗಳನ್ನು ಬಿಟ್ಟುಹೋಗಿಲ್ಲವಾದುದರಿಂದಲೂ, ಹೊಸ ಅರ್ಥವನ್ನು ಒಪ್ಪಿದವರು ಅದರಿಂದ ತೆಗೆಯುವ ಸಿದ್ಧಾಂತಗಳು ಕೆಲವೊಮ್ಮೆ ಅತಿಯಾಗುವುದರಿಂದಲೂ ಶಬ್ದದ ಚರಿತ್ರೆಯನ್ನು ಮೊದಲಿನಿಂದ ನೋಡುವುದು ಅನುಚಿತವಾಗಲಾರದು.

ಅರಬ್ಬಿಯಲ್ಲಿ ಸುಲ್ತಾನ್ ಎಂಬುದು ಮೂಲತಃ ಮನುಷ್ಯನ ಹೆಸರೇ ಅಲ್ಲ. ಅದು ಬಲ, ಅಧಿಕಾರ, ಪ್ರಭುತ್ವ ಎಂಬ ಭಾವವನ್ನು ಹೇಳುವ ನಾಮಪದ. ಕುರಾನಿನಲ್ಲಿ ಇದು 30ಕ್ಕೂ ಹೆಚ್ಚು ಸಲ ಬಂದಿರುವುದು. ಅಲ್ಲಿ ಹೆಚ್ಚಾಗಿ ‘ಪ್ರಮಾಣ’, ‘ಅಲ್ಲಗಳೆಯಲಾಗದ ಸಾಕ್ಷ್ಯ’ ಎಂಬ ಅರ್ಥ, ಕೆಲವೆಡೆ ‘ಅಧಿಕಾರ’ ಎಂಬ ಅರ್ಥ. ಅರಸನ ಬಿರುದಾಗಿ ಒಮ್ಮೆಯೂ ಬಂದಿಲ್ಲ. ಅರಬ್ಬಿಯ ಸೋದರಭಾಷೆಗಳಾದ ಅರಮಾಯಿಕ, ಸಿರಿಯಾಕ್‌ಗಳಲ್ಲಿಯೂ ಇದೇ ಧಾತುವಿನಿಂದ ಹುಟ್ಟಿದ, ಆಳ್ವಿಕೆಯನ್ನು ಹೇಳುವ ಪದಗಳುಂಟು. ಇಸ್ಲಾಮಿನ ಮೊದಲ ಶತಮಾನಗಳ ವ್ಯವಹಾರದಲ್ಲಿ ಸುಲ್ತಾನ್ ಎಂದರೆ ಇಂದಿನ ಕನ್ನಡಿಗರು ‘ಸರ್ಕಾರ’ ಎಂಬ ಮಾತಿನಿಂದ ಏನನ್ನು ತಿಳಿಯುವರೋ ಬಹುಮಟ್ಟಿಗೆ ಅದೇ. 1058ರಲ್ಲಿ ತೀರಿಕೊಂಡ ಮಾವರ್ದಿಯೆಂಬ ಪ್ರಸಿದ್ಧ ಧರ್ಮಶಾಸ್ತ್ರಜ್ಞನು ರಾಜ್ಯಾಡಳಿತದ ಕಟ್ಟಳೆಗಳನ್ನು ಕುರಿತು ಬರೆದ ಗ್ರಂಥದ ಹೆಸರಿನಲ್ಲಿಯೂ ಈ ಪದವು ಆಡಳಿತವೆಂಬ ಅರ್ಥದಲ್ಲಿಯೇ ನಿಂತಿರುವುದು.

ಭಾವವಾಚಕವು ವ್ಯಕ್ತಿವಾಚಕವಾಗುವುದು ಆಶ್ಚರ್ಯವಲ್ಲ. ಮಠಗಳಲ್ಲಿ ಗುರುಗಳನ್ನು ‘ಸನ್ನಿಧಾನ’ವೆಂದು ಕರೆಯುವರು, ‘ಅರಮನೆಯ ಅಪ್ಪಣೆಯಾಯಿತು’ ಎಂದರೆ ಕಟ್ಟಡವು ಅಪ್ಪಣೆ ಕೊಟ್ಟಿತೆಂದು ಯಾರೂ ತಿಳಿಯರು. ಅರಬ್ಬರಲ್ಲಿ ಈ ಮಾರ್ಪಾಟಿಗೆ ಬೇರೊಂದು ಅನುಕೂಲವೂ ಇದ್ದಿತು. ಅರಸನನ್ನು ಹೇಳುವ ‘ಮಲಿಕ್’ ಎಂಬ ಪದವು ಅವರಲ್ಲಿ ಬಹುಕಾಲ ನಿರ್ದುಷ್ಟವಾಗಿರಲಿಲ್ಲ. ನಿಜವಾದ ಅರಸುತನವು ದೇವರದೆಂಬ ಭಾವನೆಯಿಂದ ಮನುಷ್ಯನಿಗೆ ಅದನ್ನು ಹೇಳುವುದರಲ್ಲಿ ಅಹಂಕಾರದ ವಾಸನೆ ತೋರುತ್ತಿತ್ತು. ಧರ್ಮದ ಮುಖ್ಯತೆ ಖಲೀಫರದು. ಕತ್ತಿಯ ಬಲದಿಂದ ಮೇಲೆ ಬಂದ ತುರುಕ ಸರದಾರರಿಗಾದರೋ ಖಲೀಫರ ಗೌರವಕ್ಕೆ ಊನಬಾರದಂತೆ ತಮ್ಮ ಬಲವನ್ನು ಸಾರುವ ಹೆಸರೊಂದು ಬೇಕಾಗಿದ್ದಿತು. ‘ಅಧಿಕಾರ’ವೆಂಬ ಅರ್ಥದ ಸುಲ್ತಾನ್ ಶಬ್ದವು ಅದಕ್ಕೆ ತಕ್ಕುದಾಯಿತು. ಗಜನಿಯ ಮಹಮೂದನನ್ನು (ಆಳ್ವಿಕೆ 998–1030) ಮೊದಲ ಸುಲ್ತಾನನೆಂದು ಅರಬ್ಬೀ ಚರಿತ್ರಕಾರರು ಹೇಳುವುದುಂಟು. ಆದರೆ ನಾಣ್ಯಗಳ ಮೇಲೆ ಬಿರುದಾಗಿ ಇದನ್ನು ನೆಲೆಗೊಳಿಸಿದವರು ಸೆಲ್ಜೂಕರು. ಅವರ ನಾಯಕನಾದ ತುಗ್ರಿಲ್ ಬೇಗನು 1055ರಲ್ಲಿ ಬಾಗ್ದಾದನ್ನು ಹೊಕ್ಕ ಬಳಿಕ ಖಲೀಫನ ಪಕ್ಕದಲ್ಲಿ ಸುಲ್ತಾನನೆಂಬುವನೊಬ್ಬನು ಇರುವುದು ಲೋಕರೂಢಿಯಾಯಿತು.

ಅಲ್ಲಿಂದ ಮುಂದೆ ಶಬ್ದವು ನಡೆದ ದಾರಿಗಳು ಹಲವು. ಎಲ್ಲವನ್ನೂ ಇಲ್ಲಿ ಹಿಂಬಾಲಿಸಬೇಕಾಗಿಲ್ಲ. ಪಡುವಣಕ್ಕೆ ಹೋದ ರೂಪವು ಧರ್ಮಯುದ್ಧಗಳ ಕಾಲದಲ್ಲಿ ಇಟಲಿಯವರ ಬಾಯಲ್ಲಿ ‘ಸೊಲ್ದಾನೊ’ ಎಂದೂ ಫ್ರೆಂಚರ ಬಾಯಲ್ಲಿ ‘ಸೂದಾನ್’ ಎಂದೂ ಆಯಿತು. ದಾಂತೆಯ ಮಹಾಕಾವ್ಯದಲ್ಲಿ ಈಜಿಪ್ಟಿನ ದೊರೆಗೆ ಬಂದಿರುವ ಹೆಸರು ಇದೇ. ಇಟಲಿಯವರೇ ಇದಕ್ಕೆ ಸ್ತ್ರೀಪ್ರತ್ಯಯವನ್ನು ಹಚ್ಚಿ ‘ಸುಲ್ತಾನಾ’ ಎಂದರು. ಇಂಗ್ಲಿಷರಲ್ಲಿ ಅದು ಒಂದು ಬಗೆಯ ಬೀಜವಿಲ್ಲದ ಒಣದ್ರಾಕ್ಷಿಗೂ ಹೆಸರಾಯಿತು. ಆಟೋಮನ್ ತುರುಕರಲ್ಲಿ ಬೇರೆ ಕ್ರಮ. ಗಂಡಸಿನ ಹೆಸರಿಗೆ ಮುಂದಾಗಿ ಸುಲ್ತಾನ್ ಸುಲೈಮಾನ್ ಎಂದೂ ಅರಮನೆಯ ಹೆಂಗಸಿನ ಹೆಸರಿಗೆ ಹಿಂದಾಗಿ ಮಿಹ್ರಿಮಾಹ್ ಸುಲ್ತಾನ್ ಎಂದೂ ಬಳಸಿ, ಒಂದೇ ಪದದಿಂದ ಎರಡು ಕೆಲಸವನ್ನು ಮಾಡಿಸಿದರು. ದೆಹಲಿಯಲ್ಲಿ 1236ರಿಂದ 1240ರ ವರೆಗೆ ಆಳಿದ ರಜಿಯಾ ತನ್ನ ನಾಣ್ಯಗಳಲ್ಲಿ ಸುಲ್ತಾನ್ ಎಂದೇ ಇರುವಳು, ಸುಲ್ತಾನಾ ಎಂದಲ್ಲ. ಇಂದಿನ ಪಠ್ಯಪುಸ್ತಕಗಳ ‘ರಜಿಯಾ ಸುಲ್ತಾನಾ’ ಐರೋಪ್ಯರ ರೂಢಿಯಿಂದ ಬಂದುದು.

ಮೂಡಣದ ಕಥೆ ವಿಜಯನಗರದ ಪ್ರಶ್ನೆಗೆ ಹೆಚ್ಚು ಸಮೀಪವಾದುದು. ಸುಮಾತ್ರದ ಪಸೈ ಎಂಬ ರೇವುಪಟ್ಟಣದ ಮಲಿಕ್ ಅಲ್-ಸಾಲಿಹನ ಗೋರಿಗಲ್ಲಿನ ಮೇಲೆ 1297ರಷ್ಟು ಹಿಂದೆಯೇ ಈ ಬಿರುದು ಕಾಣುತ್ತದೆ. ಜಾವಾದ ಮತಾರಾಮ್ ರಾಜ್ಯದ ದೊರೆಯು 1641ರಲ್ಲಿ ಮಕ್ಕಾದಿಂದ ಈ ಬಿರುದನ್ನು ಪಡೆದನು. ಆ ರಾಜ್ಯವು ಒಡೆದಾಗ 1755ರಲ್ಲಿ ಹುಟ್ಟಿದ ಯೋಗ್ಯಕರ್ತದ ಅರಸರು ತಮ್ಮ ಬಿರುದಾವಳಿಯಲ್ಲಿ ಸುಲ್ತಾನನೆಂಬುದರ ಪಕ್ಕದಲ್ಲಿಯೇ ಸಂಸ್ಕೃತದ ‘ಸೇನಾಪತಿ’ಯಿಂದ ಬಂದ ‘ಸೇನಾಪತಿ ಇಂಗ್ ಅಲಗ’ ಎಂಬುದನ್ನೂ ಇಟ್ಟುಕೊಂಡರು. ಮತವು ಇಸ್ಲಾಮೇ ಆದಲ್ಲಿಯೂ ಹಳೆಯ ಬಿರುದುಗಳು ಹೋಗಲಿಲ್ಲ. ಬಿರುದುಗಳು ಒಂದರ ಮೇಲೊಂದು ಸೇರುತ್ತ ಹೋಗುತ್ತವೆಯೇ ಹೊರತು ಒಂದನ್ನೊಂದು ಹೊರಕ್ಕೆ ತಳ್ಳುವುದು ಅಪೂರ್ವ.

ಭರತಖಂಡದಲ್ಲಿ ಅರಬ್ಬೀ ಬಿರುದುಗಳಿಗೆ ಸಂಸ್ಕೃತರೂಪವನ್ನು ಕೊಡುವ ವಾಡಿಕೆ ವಿಜಯನಗರಕ್ಕಿಂತ ಬಹಳ ಹಳೆಯದು. ‘ಅಮೀರ್’ ಎಂಬುದು ‘ಹಮ್ಮೀರ’ವಾಗಿ, ಘೋರಿಯವರ ಮತ್ತು ದೆಹಲಿಯ ಮೊದಲ ಸುಲ್ತಾನರ ನಾಣ್ಯಗಳ ಮೇಲೆ ನಾಗರಿಯಲ್ಲಿ ಅಚ್ಚಾಗಿದೆ. ಈ ಹಮ್ಮೀರವು ಕಾಲಕ್ರಮದಲ್ಲಿ ರಜಪೂತ ವೀರರ ಹೆಸರೇ ಆಯಿತೆಂಬುದು ಗಮನಾರ್ಹ. ರಣಥಂಬೋರಿನ ಹಮ್ಮೀರನು ಅಲ್ಲಾವುದ್ದೀನ್ ಖಿಲ್ಜಿಯೊಡನೆ ಹೋರಾಡಿ 1301ರಲ್ಲಿ ಮಡಿದಾಗ ಆತನ ಹೆಸರು ಅರಬ್ಬಿಯದೆಂದು ಆತನಿಗಾಗಲಿ ಆತನ ಕವಿಗಳಿಗಾಗಲಿ ಅನಿಸಿರಲಾರದು. ಸುಲ್ತಾನ್ ಶಬ್ದಕ್ಕೂ ಇದೇ ಬಗೆಯ ಸಂಸ್ಕಾರವು 13ನೆಯ ಶತಮಾನದಲ್ಲಿಯೇ ಆಯಿತು. ಇಲ್ತುತ್‌ಮಿಷನ ಕೆಲವು ನಾಣ್ಯಗಳ ಮೇಲೆ ನಾಗರಿಯಲ್ಲಿ ‘ಸುರಿತಾಣ’ ಎಂದಿದೆ. ಮುಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ಜೈನಾಚಾರ್ಯ ಜಿನಪ್ರಭಸೂರಿಯ ‘ವಿವಿಧತೀರ್ಥಕಲ್ಪ’ದಲ್ಲಿ ದೆಹಲಿಯ ದೊರೆಗಳು ಸುರತಾಣ, ಸುರತ್ರಾಣರೇ ಆಗಿರುವರು.

ಈ ರೂಪಗಳು ಹುಟ್ಟಿದ ಬಗೆಯನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ವಾದವು ಬಹುಮಟ್ಟಿಗೆ ತೀರುವುದು. ‘ಲ್ತ’ ಎಂಬ ಒತ್ತಕ್ಷರವು ಬಿಡಿಸಿಕೊಂಡು ನಡುವೆ ಸ್ವರವು ಸೇರುವುದು ಸಹಜ. ಲಕಾರಕ್ಕೆ ರಕಾರವು ಬರುವುದನ್ನು ರಲಯೋರಭೇದವೆಂದು ಹಳಬರೇ ಒಪ್ಪಿರುವರು. ಹೀಗೆ ‘ಸುರತಾನ’ವಾಗುವುದು. ಇಲ್ಲಿ ಕೊನೆಯ ನಕಾರಕ್ಕೆ ಣಕಾರವು ಹೇಗೆ ಬಂದಿತು? ಸಂಸ್ಕೃತದ ಣತ್ವನಿಯಮದಿಂದ ಬಂದುದಲ್ಲ. ರೇಫಕ್ಕೂ ನಕಾರಕ್ಕೂ ನಡುವೆ ದಂತ್ಯವಾದ ತಕಾರವಿದ್ದರೆ ಆ ನಿಯಮವು ನಡೆಯದು. ನಕಾರವನ್ನು ಣಕಾರವಾಗಿ ನುಡಿಯುವುದು ಪ್ರಾಕೃತದ ವಾಡಿಕೆ. ಆದುದರಿಂದ ‘ಸುರತಾಣ’ವು ಪ್ರಾಕೃತದಲ್ಲಿ ಬಳಗಿ ಬಂದ ರೂಪವೆಂಬುದು ಸ್ಪಷ್ಟ. ಆ ಪ್ರಾಕೃತದಲ್ಲಿ ‘ತಾಣ’ವೆಂಬುದು ಸಂಸ್ಕೃತದ ‘ತ್ರಾಣ’ಕ್ಕೆ ಸಮನಾದ ಪದ. ಪ್ರಾಕೃತದ ಮಾತುಗಳನ್ನು ದಿನವೂ ಸಂಸ್ಕೃತಕ್ಕೆ ತಿರುಗಿಸುತ್ತಿದ್ದ ಪಂಡಿತರ ಕೈಗೆ ‘ಸುರತಾಣ’ವು ಸಿಕ್ಕಿದೊಡನೆ ಅದು ‘ಸುರತ್ರಾಣ’ವಾಗದೆ ಬೇರೇನಾಗಬಲ್ಲುದು? ಅವರು ಅರ್ಥವನ್ನು ಯೋಚಿಸಿ ಮಾಡಿದ ಸೃಷ್ಟಿಯಲ್ಲ ಅದು; ಅಭ್ಯಾಸಬಲದಿಂದ ಮಾಡಿದ ತಿದ್ದುಪಡಿ.

ಕನ್ನಡದಲ್ಲಿಯಾದರೋ ಬೇರೆ ರೂಪಗಳೂ ಉಂಟು. ಕುಮಾರರಾಮನ ಕಥೆಯನ್ನು ಹೇಳುವ ಸಾಂಗತ್ಯಗಳಲ್ಲಿ ದೆಹಲಿಯ ದೊರೆಯು ‘ಸುರಿತಾಳ’ನು, ‘ಸುರತಾಳ’ನು. ಶಾಸನಗಳಲ್ಲಿಯೂ ವಿಜಯನಗರದ ಈ ಬಿರುದೇ ‘ಸುರತಾಳ’ ಎಂಬ ರೂಪದಲ್ಲಿ ಬರುವುದುಂಟು. ಣಕಾರ ಳಕಾರಗಳೆರಡೂ ಮೂರ್ಧನ್ಯಗಳಾದುದರಿಂದ ಈ ಬದಲಾವಣೆಯು ಬಾಯಿಗೆ ಸುಲಭ. ದೇವತೆಗಳ ರಕ್ಷಣೆಯೆಂಬ ಅರ್ಥವು ಬರೆದವನ ಮನಸ್ಸಿನಲ್ಲಿ ಇದ್ದಿದ್ದರೆ, ಅಷ್ಟು ಪವಿತ್ರವಾದ ಸಂಸ್ಕೃತಪದವನ್ನು ತಾಳವೆಂದು ಕಲ್ಲಿನ ಮೇಲೆ ಕೆತ್ತಿಸಲು ಅವನು ಬಿಡುತ್ತಿದ್ದನೆ? ‘ಸುರಿತಾಳ’ವೆಂದಾಗ ಸುರರೂ ಇಲ್ಲ, ತ್ರಾಣವೂ ಇಲ್ಲ. ಕಂಪಿಲಿಯನ್ನು 1327ರಲ್ಲಿ ನಾಶಮಾಡಿದ ದೆಹಲಿಯ ಅರಸನಿಗೂ ಅದೇ ನೆಲದಲ್ಲಿ ಎದ್ದುನಿಂತ ವಿಜಯನಗರದ ಅರಸನಿಗೂ ಒಂದೇ ಪದವು ಸಲ್ಲುತ್ತಿರುವಾಗ ಅದಕ್ಕೆ ಅಲ್ಲಿ ಒಂದು ಅರ್ಥ, ಇಲ್ಲಿ ಒಂದು ಅರ್ಥ ಎಂದು ಹೇಳುವುದು ಹಟವಾದೀತು.

ಸಮಾಸವನ್ನು ಬಿಡಿಸಿ ನೋಡಿದರೂ ಹಳೆಯ ಅರ್ಥವು ನಿಲ್ಲುವುದಿಲ್ಲ. ತ್ರಾಣವು ಭಾವವನ್ನೋ ಸಾಧನವನ್ನೋ ಹೇಳುವ ಪದ; ಕಾಪಾಡುವವನು ತ್ರಾತೃ. ಶಿರಸ್ತ್ರಾಣ, ಅಂಗತ್ರಾಣ, ಪಾದತ್ರಾಣಗಳ ಸಾಲಿನಲ್ಲಿ ಸುರತ್ರಾಣವನ್ನು ಇಟ್ಟರೆ ಅರಸನು ದೇವತೆಗಳಿಗೆ ಕವಚವೋ ಎಕ್ಕಡವೋ ಆದಾನು! ಪಂಡಿತರು ಬೇಕೆಂದರೆ ಇದಕ್ಕೂ ಸಮಾಧಾನ ಹೇಳಬಲ್ಲರು. ಆದರೆ ‘ಹಿಂದೂರಾಯ’ ಎಂಬ ಮೊದಲ ಭಾಗವನ್ನು ಏನು ಮಾಡುವುದು? ‘ಹಿಂದೂ ರಾಯರ ದೇವತೆಗಳನ್ನು ಕಾಯುವವನು’ ಎಂದರೆ ಪ್ರಜೆಗಳ ದೇವತೆಗಳು ಹೊರಗುಳಿದರು. ವಿಜಯನಗರದವರ ಉಳಿದ ಬಿರುದುಗಳಾದ ಅರಿರಾಯವಿಭಾಡ, ಮೂರುರಾಯರ ಗಂಡ, ಭಾಷೆಗೆ ತಪ್ಪುವ ರಾಯರ ಗಂಡ ಎಂಬವುಗಳ ಜೊತೆಯಲ್ಲಿ ಓದಿದಾಗ ಇದರ ಹುರುಳು ತಾನಾಗಿ ಹೊರಡುವುದು. ಇವೆಲ್ಲವೂ ರಾಯರ ನಡುವೆ ತನ್ನ ಸ್ಥಾನವನ್ನು ಸಾರುವ ಬಿರುದುಗಳು. ಶತ್ರುರಾಯರಿಗೆ ವಿಭಾಡ, ಮೂರು ರಾಯರಿಗೆ ಗಂಡ. ಅದರಂತೆ ಹಿಂದೂ ರಾಯರಲ್ಲಿ ಸುಲ್ತಾನ.

ಇಷ್ಟಾದ ಮೇಲೆಯೂ ಒಂದು ಸಂದೇಹವು ಉಳಿಯಬಹುದು. ಕನ್ನಡಶಾಸನಗಳಲ್ಲಿ ಸುರತಾಳವೆಂಬ ರೂಪವಿರುವಾಗ ಸಂಸ್ಕೃತಶಾಸನಗಳಲ್ಲಿ ತಪ್ಪದೆ ‘ತ್ರಾಣ’ವೇ ಏಕೆ ಬಂದಿತು, ಅಲ್ಲಿ ಕವಿಯ ಉದ್ದೇಶವೇನೂ ಇಲ್ಲವೆ? ಇದಕ್ಕೆ ಉತ್ತರವು ಛಂದಸ್ಸಿನಲ್ಲಿದೆ. ಸಂಸ್ಕೃತ ತಾಮ್ರಶಾಸನಗಳಲ್ಲಿ ಈ ಬಿರುದು ಅನುಷ್ಟುಪ್ ಶ್ಲೋಕದಲ್ಲಿ ‘ಹಿಂದುರಾಯಸುರತ್ರಾಣೋ’ ಎಂದು ಒಂದು ಪಾದವನ್ನೇ ತುಂಬಿ ನಿಂತಿರುವುದು. ಅಕ್ಷರಗಳು ಸರಿಯಾಗಿ ಎಂಟು. ಶ್ಲೋಕದ ಐದನೆಯ ಅಕ್ಷರವು ಲಘುವಾಗಿ ಆರನೆಯದು ಗುರುವಾಗಿರಬೇಕು, ವಿಷಮಪಾದಗಳಲ್ಲಿ ಏಳನೆಯದೂ ಗುರುವಾಗಿರಬೇಕೆಂಬುದು ಬಾಲಕರೂ ಬಲ್ಲ ಲಕ್ಷಣ. ಇಲ್ಲಿ ಐದನೆಯದು ‘ಸು’, ಆರನೆಯದು ‘ರ’, ಏಳನೆಯದು ‘ತ್ರಾ’. ಮುಂದೆ ಒತ್ತಕ್ಷರವಿರುವುದರಿಂದ ಆರನೆಯ ‘ರ’ವು ಗುರುವಾಯಿತು. ‘ಸುರತಾಣೋ’ ಎಂದಾಗಲಿ ‘ಸುರತಾಳೋ’ ಎಂದಾಗಲಿ ಬರೆದರೆ ಆ ‘ರ’ವು ಲಘುವಾಗಿ ಪಾದದ ನಡೆಯು ಕೆಡುವುದು. ಆದುದರಿಂದ ಶ್ಲೋಕಕಾರನಿಗೆ ತ್ರಾಣವನ್ನು ಬಿಟ್ಟರೆ ಗತಿಯಿರಲಿಲ್ಲ. ಉತ್ತರದಿಂದ ಸಿದ್ಧವಾಗಿ ಬಂದ ರೂಪವು ಅವನ ಛಂದಸ್ಸಿಗೆ ಅಳತೆಮಾಡಿದಂತೆ ಒದಗಿತು. ಇದೇ ಪ್ರಶಸ್ತಿಗಳಲ್ಲಿ ‘ಮೂರುರಾಯರಗಂಡ’ ಎಂಬ ಅಚ್ಚಗನ್ನಡದ ಬಿರುದನ್ನು ಅನುವಾದಿಸದೆ ಹಾಗೆಯೇ ಶ್ಲೋಕದೊಳಕ್ಕೆ ತಂದಿರುವುದನ್ನೂ ನೋಡಬೇಕು. ಬಿರುದನ್ನು ಅನುವಾದಿಸಿದರೆ ಅದು ಬಿರುದಾಗಿ ಉಳಿಯದೆಂಬುದನ್ನು ಆಸ್ಥಾನದ ವಿದ್ವಾಂಸರು ಅರಿತಿದ್ದರು. ಕನ್ನಡದ ಬಿರುದಿಗೆ ಸಂದ ಮರ್ಯಾದೆಯೇ ಅರಬ್ಬಿಯ ಬಿರುದಿಗೂ ಸಂದಿತು.

ಹಾಗಾದರೆ ‘ದೇವತೆಗಳ ರಕ್ಷಕ’ ಎಂಬ ಧ್ವನಿಯನ್ನು ಆ ಕಾಲದವರು ಕೇಳಲೇ ಇಲ್ಲವೆ? ಸಂಸ್ಕೃತವನ್ನು ಬಲ್ಲ ಕಿವಿಗೆ ಅದು ಕೇಳದೆ ಇರದು. ಕೆಲವರಾದರೂ ಈ ಶ್ಲೇಷೆಯನ್ನು ಸವಿದಿರಬಹುದು. ಆದರೆ ಶ್ಲೇಷೆಯು ಶಬ್ದದ ಹುಟ್ಟಲ್ಲ. ದಾರಿಯಲ್ಲಿ ಅದಕ್ಕೆ ಸಿಕ್ಕಿದ ಲಾಭ. ಉಪಾಧ್ಯಾಯರು ಮೊದಲು ಸುಲ್ತಾನನೆಂಬ ಅರ್ಥವನ್ನು ಹೇಳಿ ಅನಂತರ ಈ ಧ್ವನಿಯನ್ನು ಸೂಚಿಸಿದರೆ ಆಕ್ಷೇಪವಿಲ್ಲ. ಧ್ವನಿಯನ್ನೇ ಅರ್ಥವೆಂದು ಹೇಳುವುದು ದೋಷ.

ಇನ್ನು ಎರಡನೆಯ ಪಕ್ಷದ ವಿಚಾರ. 1996ರಲ್ಲಿ ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು ಈ ಬಿರುದನ್ನೇ ತಲೆಬರಹದಲ್ಲಿಟ್ಟು ಬರೆದ ಲೇಖನವು ವಿಜಯನಗರದ ಅಧ್ಯಯನಕ್ಕೆ ದೊಡ್ಡ ಉಪಕಾರವನ್ನು ಮಾಡಿದೆ. ಅರಸರು ಸುಲ್ತಾನನೆಂಬ ಬಿರುದನ್ನು ತಳೆದುದೂ, ಆಸ್ಥಾನದಲ್ಲಿ ‘ಕಬಾಯಿ’ ಎಂಬ ಉದ್ದನಿಲುವಂಗಿಯನ್ನೂ ‘ಕುಲ್ಲಾಯಿ’ ಎಂಬ ಎತ್ತರದ ಟೋಪಿಯನ್ನೂ ತೊಟ್ಟುದೂ, ಆ ಕಾಲದ ವಿಶಾಲವಾದ ರಾಜಸಂಸ್ಕೃತಿಯೊಂದರಲ್ಲಿ ತಾವೂ ಸಮಾನರೆಂದು ತೋರಿಸಿಕೊಳ್ಳುವ ಯತ್ನವೆಂದು ಅವರು ಸಾಧಿಸಿರುವರು. ಕಬಾಯಿಯು ಅರಬ್ಬಿಯ ‘ಕಬಾ’, ಕುಲ್ಲಾಯಿಯು ಪಾರಸಿಯ ‘ಕುಲಾಹ್’. ಈ ಕುಲಾಹವೇ ಕನ್ನಡದಲ್ಲಿ ಕುಲಾವಿಯಾಗಿ ಕೂಸುಗಳ ತಲೆಯನ್ನು ಸೇರಿರುವುದು. ಮತಾಂತರವಿಲ್ಲದೆಯೇ ಆಚಾರವಿಚಾರಗಳು ಹರಡಬಲ್ಲವೆಂಬ ಅವರ ಮುಖ್ಯ ಮಾತು ಒಪ್ಪತಕ್ಕದ್ದು.

ಒಪ್ಪಲು ಕಷ್ಟವಾದುದು ಎರಡು. ಮೊದಲನೆಯದಾಗಿ, ಉಡುಪಿನ ಸಾಕ್ಷ್ಯಗಳು ಬಹುಪಾಲು 15, 16ನೆಯ ಶತಮಾನಗಳವು. ಅಬ್ದುರ್ರಜಾಕನು ವಿಜಯನಗರಕ್ಕೆ ಬಂದುದು 1443ರಲ್ಲಿ. ಬಿರುದಾದರೋ 14ನೆಯ ಶತಮಾನದ ನಡುವಿನದು. ರಾಜ್ಯವಿನ್ನೂ ಬೇರೂರುತ್ತಿದ್ದ ಕಾಲ, ಕಲಬುರಗಿಯಲ್ಲಿ 1347ರಲ್ಲಿ ಬಹಮನಿ ರಾಜ್ಯವು ಹುಟ್ಟಿದ ಕಾಲ. ನೆರೆಯಲ್ಲಿ ಸುಲ್ತಾನನೊಬ್ಬನು ತಲೆಯೆತ್ತಿದಾಗ ‘ಇತ್ತಲೂ ಒಬ್ಬ ಸುಲ್ತಾನನುಂಟು’ ಎಂದು ಹೇಳುವುದರಲ್ಲಿ ಅನುಕರಣಕ್ಕಿಂತ ಪ್ರತಿಸ್ಪರ್ಧೆಯ ದನಿಯೇ ಹೆಚ್ಚು. ನೂರು ವರ್ಷಗಳ ಅನಂತರದ ನಾಗರಿಕ ವೇಷವನ್ನೂ ಈ ಮೊದಲ ಕೂಗನ್ನೂ ಒಂದೇ ಪ್ರವಾಹದ ಅಲೆಗಳೆನ್ನುವುದರಿಂದ ಕಾಲದ ಭೇದವು ಮಸುಕಾಗುತ್ತದೆ. ಎರಡನೆಯದಾಗಿ, ‘ಹಿಂದೂ’ ಎಂಬ ಅರ್ಧಕ್ಕೆ ಸಲ್ಲಬೇಕಾದಷ್ಟು ಗಮನವು ಸಂದಿಲ್ಲ. ಸಿಂಧುವಿನಿಂದ ಹುಟ್ಟಿ ಪಾರಸಿಕರ ದೇಶಕ್ಕೆ ಹೋಗಿ ಸಕಾರವನ್ನು ಕಳೆದುಕೊಂಡು ಹಿಂದಿರುಗಿದ ಈ ಪದವನ್ನು ತನ್ನ ಬಿರುದಿನಲ್ಲಿ ತಾನೇ ಇಟ್ಟುಕೊಳ್ಳುವುದು ದಕ್ಷಿಣದ ಅರಸರಿಗೆ ಹೊಸದಾಗಿದ್ದಿತು. ತನ್ನನ್ನು ಪರರು ಯಾವ ಹೆಸರಿನಿಂದ ಗುರುತಿಸುವರೋ ಆ ಹೆಸರಿನಿಂದಲೇ ತನ್ನನ್ನು ಕರೆದುಕೊಳ್ಳುವವನು ಪರರಿಗೆ ಕೇಳಿಸುವಂತೆ ಮಾತನಾಡುತ್ತಿರುವನು. ಪಾರಸಿಯ ಹಿಂದೂ, ಕನ್ನಡದ ರಾಯ, ಅರಬ್ಬಿಯ ಸುಲ್ತಾನ್ ಮೂರೂ ಸೇರಿ ಸಂಸ್ಕೃತದ ಪಾದವೊಂದರಲ್ಲಿ ಕುಳಿತಿರುವ ಈ ಸಮಾಸವನ್ನು ಕೇಳಬೇಕಾದವರಲ್ಲಿ ಕಲಬುರಗಿಯವರೂ ಇದ್ದರು, ಮಧುರೆಯವರೂ ಇದ್ದರು, ನೆರೆಹೊರೆಯ ರಾಯರೂ ಇದ್ದರು.

ಇದು ವಿಜಯನಗರಕ್ಕೆ ಮಾತ್ರ ಮೀಸಲಾಗಿರಲಿಲ್ಲವೆಂಬುದಕ್ಕೆ ಮೇವಾಡದ ಸಾಕ್ಷ್ಯವಿದೆ. ರಾಣಕಪುರದ ಜೈನದೇವಾಲಯದ 1439ರ ಶಾಸನದಲ್ಲಿ ರಾಣಾ ಕುಂಭನಿಗೆ ‘ಹಿಂದುಸುರತ್ರಾಣ’ ಎಂಬ ಬಿರುದಿದೆ. ದೆಹಲಿ, ಗುಜರಾತುಗಳ ಸುಲ್ತಾನರೇ ಛತ್ರವನ್ನಿತ್ತು ಅದನ್ನು ಮನ್ನಿಸಿದರೆಂದು ಅಲ್ಲಿ ಹೇಳಿಕೊಂಡಿದೆ. ಆ ಹೇಳಿಕೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಲಿ. ‘ದೇವತೆಗಳ ರಕ್ಷಕ’ನೆಂಬ ಬಿರುದನ್ನು ಸುಲ್ತಾನರು ಮನ್ನಿಸಿದರೆಂದು ಹೇಳಿಕೊಳ್ಳುವುದರಲ್ಲಿ ಹೆಮ್ಮೆಯೇನಿದೆ? ‘ಸುಲ್ತಾನ’ನೆಂಬುದನ್ನು ಸುಲ್ತಾನರೇ ಒಪ್ಪಿದರೆಂದಾಗ ಮಾತ್ರವೇ ಹೆಮ್ಮೆ.

ಕರ್ನಾಟಕದಲ್ಲಿ ಈ ಪದದ ಉತ್ತರಕಥೆಯೂ ಒಂದಿಷ್ಟು ಎಚ್ಚರವನ್ನು ಬೇಡುವುದು. ಹೈದರನು ಬದುಕಿರುವ ತನಕ ನವಾಬನು. ಆ ಪದವೂ ಅರಬ್ಬಿಯ ‘ನಾಯಿಬ್’, ಎಂದರೆ ಪ್ರತಿನಿಧಿ, ಎಂಬುದರ ಬಹುವಚನದಿಂದ ಬಂದುದು. ಅವನ ಮಗನಿಗಾದರೋ ಸುಲ್ತಾನನೆಂಬುದು 1782ರಲ್ಲಿ ಪಟ್ಟದೊಡನೆ ಬಂದ ಬಿರುದಲ್ಲ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತನ ನೆನಪಿಗಾಗಿ ಮಗುವಿಗೆ ಇಟ್ಟ ಟಿಪ್ಪು ಸುಲ್ತಾನ್ ಎಂಬ ಹೆಸರಿನಲ್ಲಿಯೇ ಅದು ಸೇರಿದ್ದಿತು. ಬಿರುದು ಹೆಸರಾಗಿ ಕರಗಿಹೋದುದಕ್ಕೆ ಇದು ಒಳ್ಳೆಯ ನಿದರ್ಶನ. ಇಷ್ಟರೊಳಗೆ ಸುರತಾಳ, ಸುರಿತಾಳಗಳು ಕನ್ನಡದ ಬಾಯಿಂದ ಜಾರಿ, ಪಾರಸಿ ಉರ್ದುಗಳ ಬಳಕೆಯಿಂದ ‘ಸುಲ್ತಾನ’ವೆಂಬ ರೂಪವೇ ಮರಳಿ ಬಂದು ನಿಂತಿತು. ಮಂಗಳೂರಿನಲ್ಲಿ ಗುರುಪುರ ಹೊಳೆಯ ದಡದ ಕಾವಲುಬುರುಜನ್ನು ಜನರು ಸುಲ್ತಾನ್ ಬತ್ತೇರಿಯೆನ್ನುವರು, ಸುರತ್ರಾಣದ ಬತ್ತೇರಿಯೆನ್ನರು. ಹಳೆಯ ರೂಪವು ಬಳಕೆ ತಪ್ಪಿದುದರಿಂದಲೇ ಅದರ ಮೂಲವೂ ಮರೆತುಹೋಗಿ, ಶ್ಲೋಕಗಳಲ್ಲಿ ಉಳಿದ ಸುರತ್ರಾಣವು ಅಪ್ಪಟ ಸಂಸ್ಕೃತವೆಂದು ತೋರಲಾರಂಭಿಸಿತು. ಧರ್ಮಸ್ಥಳದ ಹೆಗ್ಗಡೆಯವರನ್ನು ಭಕ್ತರು ಇಂದಿಗೂ ಪಾರಸಿಯ ‘ಖುದಾವಂದ್’ ಎಂಬುದರಿಂದ ಬಂದ ‘ಖಾವಂದರು’ ಎಂಬ ಪದದಿಂದ ಸಂಬೋಧಿಸುವರು. ಆ ಪದಕ್ಕೆ ಸಂಸ್ಕೃತದ ವ್ಯುತ್ಪತ್ತಿಯನ್ನು ಹುಡುಕುವ ಶ್ರಮವನ್ನು ಯಾರೂ ತೆಗೆದುಕೊಂಡಿಲ್ಲ.

ಬಿರುದಿನ ತವರಿನ ಕಡೆಗೆ ಕಡೆಯದಾಗಿ ತಿರುಗಿದರೆ, ಒಂದು ಕಾಲಕ್ಕೆ ‘ಮಲಿಕ್’ಗಿಂತ ಮೇಲೆನಿಸಿದ್ದ ಸುಲ್ತಾನ್ ಶಬ್ದವು 20ನೆಯ ಶತಮಾನದಲ್ಲಿ ಅದಕ್ಕೆ ತಲೆಬಾಗಬೇಕಾಯಿತು. ಈಜಿಪ್ಟಿನಲ್ಲಿ 1914ರಲ್ಲಿ ಬಂದ ಸುಲ್ತಾನನೆಂಬ ಬಿರುದು 1922ರಲ್ಲಿ ಮಲಿಕ್ ಎಂದು ಬದಲಾಯಿತು. ಆಟೋಮನ್ ಸುಲ್ತಾನರ ಪದವಿಯು ಅದೇ ವರ್ಷದ ನವೆಂಬರಿನಲ್ಲಿ ರದ್ದಾಯಿತು. ಮೊರಾಕೋದ ಸುಲ್ತಾನನು 1957ರಲ್ಲಿ ಮಲಿಕನಾದನು. ಜಂಜಿಬಾರಿನ ಸುಲ್ತಾನನು 1964ರಲ್ಲಿ ಪದಚ್ಯುತನಾದನು. ಒಮಾನ್, ಬ್ರೂನೈಗಳಲ್ಲಿಯೂ ಮಲಯದ ಹಲವು ಸಂಸ್ಥಾನಗಳಲ್ಲಿಯೂ ಅದು ಇನ್ನೂ ನಡೆಯುತ್ತಿರುವುದು. ವಿಜಯನಗರದ ಅರಸರು ಇದನ್ನು ಕೈಕೊಂಡುದು ಶಬ್ದದ ತೇಜಸ್ಸು ಮಧ್ಯಾಹ್ನದಲ್ಲಿದ್ದಾಗ. ಆ ಬೆಲೆಯನ್ನು ನೆನಪಿನಲ್ಲಿಟ್ಟುಕೊಂಡೇ ಶಾಸನಸಂಪುಟಗಳ ಮುಂದಿನ ಸಂಪಾದಕರು ಸುರತಾಳ, ಸುರಿತಾಳ, ಸುರತ್ರಾಣಗಳೆಂಬ ಪಾಠಗಳನ್ನು ಒಂದಕ್ಕೆ ತಿದ್ದದೆ, ಯಾವ ಕಲ್ಲಿನಲ್ಲಿ ಯಾವುದಿದೆಯೋ ಅದನ್ನು ಹಾಗೆಯೇ ಅಚ್ಚುಮಾಡುವುದು ಒಳಿತು.